ಆರನೇ ಹೋಲಿನ ಗಂಟೆ

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನೀರು ಬಂದದ್ದನ್ನು ತಿಳಿಸುತ್ತಿದ್ದುದು ಒಂದು ತುಂಡು ರೈಲುಕಂಬಿ. ಮೆಟ್ಟಿಲ ಬುಡದಲ್ಲಿ ಅದನ್ನು ತಂತಿ ಕಟ್ಟಿ ತೂಗುಹಾಕಿದ್ದರು. ಬೆಳಿಗ್ಗೆ ಐದೂ ಕಾಲಿಗೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ವಾಚ್‌ಮನ್ ದಪ್ಪದೊಂದು ಬೋಲ್ಟಿನಿಂದ ಅದಕ್ಕೆ ಮೂರು ಸಲ ಬಡಿಯುತ್ತಿದ್ದ. ಮನೆಯೊಳಗಿನ ನಲ್ಲಿಗೆ ನೀರು ಏರುತ್ತಿರಲಿಲ್ಲ. ಗ್ಯಾಲರಿಯ ಕೊನೆಯಲ್ಲಿದ್ದ ಒಂದೇ ನಲ್ಲಿಗೆ ಎಂಟು ಮನೆಯವರೂ ಬಕೆಟು ಹಿಡಿದು ಹೊರಬೀಳಬೇಕು. ಆ ಶನಿವಾರವೂ ಹಾಗೆಯೇ ಹೊರಬಿದ್ದೆ. ಎದುರು ಮನೆಯ ಅಕ್ಕನ ಬಕೆಟು ಎಂದಿನಂತೆ ಎಲ್ಲರಿಗಿಂತ ಮುಂದಿತ್ತು. ಅವರು ಉಡುಪಿ ಕಡೆಯವರು. ಅವರ ಯಜಮಾನರಿಗೆ ಠಾಣೆ ಊರಿನ ನೌಪಾಡಾದಲ್ಲಿ ಒಂದು ಸಣ್ಣ ಹೋಟೆಲು. ಬಕೆಟು ತುಂಬುವಷ್ಟು ಹೊತ್ತಿನಲ್ಲಿ ಅವರು ಇಡೀ ಕಟ್ಟಡದ ಸಮಾಚಾರ ಹೇಳಿ ಮುಗಿಸುತ್ತಿದ್ದರು.

“ಇವತ್ತಲ್ವಾ ನಿನ್ನ ಚೆಂಡಾಟದ ಪರೀಕ್ಷೆ?” ಎಂದರು.

ಪರೀಕ್ಷೆ ನನ್ನದಲ್ಲ, ಆ ಮೈದಾನದ್ದು ಎಂದೆ. ಮಗಳು ಶಾಲೆಯಿಂದ ಬಂದಾಗ ಅವರ ಮನೆಯಲ್ಲಿ ಊಟ ಎಂದು ಮಾತಾಗಿತ್ತು. ನಾಲ್ಕು ವಾರದಿಂದ ಹೀಗೇ ನಡೆದಿತ್ತು. ಮಗಳ ಜಡೆ ಹೆಣೆದು, ಯಜಮಾನರ ಮತ್ತು ನನ್ನ ಡಬ್ಬಿಗೆ ಚಪಾತಿ ಪಲ್ಯ ಹಾಕಿ, ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಏಳೂ ಹತ್ತರ ಲೋಕಲ್ ಹಿಡಿದೆ. ಹೆಂಗಸರ ಬೋಗಿಯಲ್ಲಿ ಫೈಲು ಮಡಚಿಹೋಗದಂತೆ ಎದೆಗೆ ಅವಚಿ ನಿಂತದ್ದು ನೆನಪಿದೆ. ಒಳಗೆ ನಾನು ಮಾಡಿದ ವರದಿಯ ಹದಿನಾಲ್ಕು ಪ್ರತಿಗಳಿದ್ದವು. ಮದುವೆಯಾದ ಮೇಲೆ ನಾನು ಮನೆಯ ಹೊರಗೆ ಮಾಡಿದ ಮೊದಲ ಕೆಲಸ ಅದು.

ಕೆಲಸ ಏನೆಂದು ಹೇಳಬೇಕು. ನನ್ನ ಯಜಮಾನರು ಠಾಣೆ–ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿದ್ದರು. ಘಣಸೋಲಿ ಹಳ್ಳಿಯಿಂದ ಸ್ವಲ್ಪ ಆಚೆ, ಗುಡ್ಡದ ಬುಡದಲ್ಲಿ, ಕಾರ್ಖಾನೆಯ ಕ್ಲಬ್ಬಿಗೆ ಒಂಬತ್ತು ಹೋಲುಗಳ ಗಾಲ್ಫ್ ಮೈದಾನವಿತ್ತು. ಮಳೆಗಾಲ ಕಳೆದ ಮೇಲೆ ಅದನ್ನು ತಿದ್ದುವ ಯೋಚನೆ ಸಮಿತಿಗೆ ಬಂತು. ಅದಕ್ಕೆ ಮೊದಲು ಆಡುವವರನ್ನೇ ಕೇಳೋಣವೆಂದು ಸದಸ್ಯರಿಗೆಲ್ಲ ಎರಡು ಪ್ರಶ್ನೆಗಳ ಹಾಳೆ ಹಂಚಿದರು: ಈ ಮೈದಾನದ ವಿನ್ಯಾಸದಲ್ಲಿ ಒಳ್ಳೆಯದೇನು, ಕೆಟ್ಟದ್ದೇನು? ಮೂವತ್ತೆಂಟು ಹಾಳೆಗಳು ತುಂಬಿ ಬಂದವು. ಅವನ್ನು ಓದಿ, ವಿಂಗಡಿಸಿ, ವರದಿ ಮಾಡಿ ಟೈಪು ಮಾಡುವವರು ಬೇಕಾಗಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಬೆಂಗಳೂರಿನವರು, ಕನ್ನಡ ಸಂಘದಲ್ಲಿ ಯಜಮಾನರಿಗೆ ಪರಿಚಯ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ಟೈಪಿಂಗ್ ಹೈಯರ್ ಪಾಸು ಮಾಡಿದವಳು ಎಂದು ಕೇಳಿ ಕರೆಸಿಕೊಂಡರು. ಗಾಲ್ಫ್ ಎಂಬುದನ್ನು ನಾನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಅದನ್ನು ಹೇಳಿದಾಗ ಕಾರ್ಯದರ್ಶಿ, ಆಡದವರೇ ಒಳ್ಳೆಯದು, ಆಡುವವರ ಕೈಗೆ ಕೊಟ್ಟರೆ ತಮ್ಮ ಅಭಿಪ್ರಾಯವನ್ನೇ ನಾಲ್ಕು ಸಲ ಎಣಿಸುತ್ತಾರೆ ಎಂದು ನಕ್ಕರು.

ಒಂಬತ್ತು ಹೋಲಿಗೆ ಒಂಬತ್ತು ಲಕೋಟೆ ಮಾಡಿದೆ. ಪ್ರತಿ ಹಾಳೆಯಿಂದ ಒಂದೊಂದು ಮಾತನ್ನೂ ಚೀಟಿಗೆ ಇಳಿಸಿ, ಮೆಚ್ಚುಗೆಗೆ ನೀಲಿ ಶಾಯಿ, ದೋಷಕ್ಕೆ ಕೆಂಪು ಶಾಯಿ ಬಳಸಿ ಆಯಾ ಲಕೋಟೆಗೆ ಹಾಕುತ್ತ ಹೋದೆ. ಮೊದಲ ವಾರ ಭಾಷೆಯೇ ಹತ್ತಲಿಲ್ಲ. ಟೀ ಎಂದರೆ ಚೆಂಡಿಟ್ಟು ಮೊದಲ ಹೊಡೆತ ಹೊಡೆಯುವ ಕಟ್ಟೆ. ಹೋಲು ಎಂದರೆ ಆ ಕಟ್ಟೆಯಿಂದ ಚೆಂಡು ಬೀಳಬೇಕಾದ ಗುಳಿಯವರೆಗಿನ ಇಡೀ ಹಾದಿ. ಬಂಕರ್ ಎಂದರೆ ಬೇಕೆಂದೇ ತೋಡಿಟ್ಟ ಮರಳಿನ ಹೊಂಡ. ದೊಡ್ಡ ಕ್ಲಬ್ಬುಗಳಲ್ಲಿ ಗುಳಿಯ ಸುತ್ತ ನುಣುಪಾದ ಹುಲ್ಲಿನ ಗ್ರೀನ್ ಇರುತ್ತದಂತೆ. ಇಲ್ಲಿ ಅದಕ್ಕೆ ನೀರು ಎಲ್ಲಿಂದ ತರುವುದು? ಮರಳಿಗೆ ಯಂತ್ರದ ಹಳೆಯ ಎಣ್ಣೆ ಬೆರೆಸಿ ಮಟ್ಟ ಮಾಡಿದ ಕಂದು ವೃತ್ತ. ಅದಕ್ಕೆ ಬ್ರೌನ್ ಎನ್ನುತ್ತಿದ್ದರು. ಬ್ರೌನ್‌ಗಳು ಸಮತಟ್ಟಾಗಿವೆ, ಚೆಂಡು ಮೋಸ ಮಾಡುವುದಿಲ್ಲವೆಂದು ಒಬ್ಬರು ಹೊಗಳಿದ್ದರೆ, ಬಿಳಿ ಕ್ಯಾನ್ವಾಸ್ ಶೂಗಳ ಎಣ್ಣೆಕಲೆ ಹೋಗದೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ ಎಂದು ಇನ್ನೊಬ್ಬರು ದೋಷದ ಕಾಲಮಿನಲ್ಲಿ ಬರೆದಿದ್ದರು.

ಎರಡನೇ ವಾರದಲ್ಲಿ ಒಂದು ಸಂಗತಿ ಹೊಳೆಯಿತು. ಪ್ರತಿಯೊಬ್ಬರ ಅಭಿಪ್ರಾಯವೂ ಅವರ ಚೆಂಡು ಬೀಳುವ ಜಾಗದಿಂದ ಹುಟ್ಟಿತ್ತು. ಎರಡನೇ ಹೋಲಿನ ಬಂಕರಿನಲ್ಲಿ ಬಿದ್ದವರಿಗೆ ಅದು ಅನ್ಯಾಯ. ಬೀಳದವರಿಗೆ ಬುದ್ಧಿವಂತ ವಿನ್ಯಾಸ. ಒಬ್ಬರ ಹಾಳೆಯಲ್ಲಿ ಒಂಬತ್ತು ಹೋಲುಗಳ ಬಲಬದಿಯೂ ಕೆಟ್ಟದಾಗಿತ್ತು: ಬಲಗಡೆಯ ಚರಂಡಿ, ಬಲಗಡೆಯ ಬೇಲಿ, ಬಲಗಡೆಯ ಜಾಲಿ. ಅವರ ಕೈ ಚೆಂಡನ್ನು ಸದಾ ಬಲಕ್ಕೆ ತಿರುಗಿಸುತ್ತದೆಂದು ಆಟ ತಿಳಿಯದ ನನಗೂ ಗೊತ್ತಾಯಿತು. ನಾಲ್ಕನೇ ಹೋಲಿನ ಜೋಡಿ ಮಾವಿನ ಮರಗಳನ್ನು ಕಡಿಯಬೇಕೆಂದವರು ಹನ್ನೊಂದು ಮಂದಿ, ಉಳಿಸಬೇಕೆಂದವರೂ ಹನ್ನೊಂದು ಮಂದಿ. ಎಂಟನೆಯದು ಸಂಜೆ ಬಿಸಿಲಿಗೆ ಎದುರಾಗಿದೆ ಎಂಬುದರಲ್ಲಿ ಮಾತ್ರ ಜಗಳವಿರಲಿಲ್ಲ. ಆಡುತ್ತಿದ್ದ ನಾಲ್ವರು ಹೆಂಗಸರಲ್ಲಿ ಮೂವರು, ಹೆಂಗಸರ ಟೀ ಕಟ್ಟೆಗಳನ್ನು ಆಮೇಲೆ ನೆನಪಾಗಿ ಕಟ್ಟಿದಂತಿದೆ ಎಂದು ಬರೆದಿದ್ದರು.

ಎಲ್ಲಕ್ಕಿಂತ ದಪ್ಪವಾದದ್ದು ಆರನೇ ಹೋಲಿನ ಲಕೋಟೆ, ತುಂಬಾ ನೀಲಿ ಶಾಯಿ. ಆರನೆಯದರಲ್ಲಿ ಟೀ ಕಟ್ಟೆಯ ಮುಂದೆ ಒಂದು ದಿಬ್ಬ. ದಿಬ್ಬದಾಚೆ ಏನಿದೆಯೆಂದು ಹೊಡೆಯುವವರಿಗೆ ಕಾಣದು. ನೆತ್ತಿಯ ಮೇಲಿನ ಬಿಳಿ ಕಂಬವೇ ಗುರಿ. ಆಚೆ ನೆಲ ಇಳಿದು ಒಂದು ತಗ್ಗಾಗಿ, ಮತ್ತೆ ಏರಿ ಬ್ರೌನ್ ಸೇರುತ್ತದೆ. ಕಾಣದ ಕಡೆಗೆ ಹೊಡೆಯುವ ಧೈರ್ಯವೇ ಆಟವೆಂದು ಒಬ್ಬರು ಬರೆದರೆ, ಆ ಇಳಿಜಾರು ತಪ್ಪು ಹೊಡೆತವನ್ನೂ ಕ್ಷಮಿಸಿ ಚೆಂಡನ್ನು ತಗ್ಗಿಗೆ ತಂದಿಡುತ್ತದೆ, ನಕ್ಷೆ ಬರೆದವನಿಗೆ ನಮಸ್ಕಾರ ಎಂದು ಇನ್ನೊಬ್ಬರು ಬರೆದಿದ್ದರು.

ಮೊದಲಿನಿಂದಲೂ ಆ ದಿಬ್ಬದ ನೆತ್ತಿಯಲ್ಲಿ ಒಬ್ಬ ಆಗೇವಾಲಾ ನಿಲ್ಲುತ್ತಿದ್ದ. ಚೆಂಡು ಎಲ್ಲಿ ಬಿತ್ತೆಂದು ನೋಡುವವನು, ಮುಂದೆ ಯಾರಾದರೂ ಇದ್ದರೆ ಕೆಂಪು ಬಾವುಟ ಎತ್ತುವವನು. ಹತ್ತಿರದ ಹಳ್ಳಿಯ ವಯಸ್ಸಾದ ಮನುಷ್ಯ. ಎರಡು ತಿಂಗಳ ಹಿಂದೆ ತಗ್ಗಿನಾಚೆ ಒಂದು ಗಂಟೆ ತೂಗುಹಾಕಿದ್ದರು. ಮುಂದಿನ ಗುಂಪಿನವರು ತಗ್ಗು ದಾಟಿ ಹೋಗುವಾಗ ಗಂಟೆ ಹೊಡೆಯುವುದು, ಅದನ್ನು ಕೇಳಿ ಹಿಂದಿನವರು ಟೀ ಕಟ್ಟೆಯಿಂದ ಹೊಡೆಯುವುದು. ಗಂಟೆ ಬಂದ ಮೇಲೆ ಆಗೇವಾಲಾ ಬೇಡವೆಂಬುದು ಹೆಚ್ಚಿನವರ ಅಭಿಪ್ರಾಯ. ಕಾರ್ಖಾನೆಯ ದವಾಖಾನೆಯ ಡಾಕ್ಟರರೊಬ್ಬರು ಮಾತ್ರ ಇರಲಿ ಎಂದಿದ್ದರು.

ಡಾಕ್ಟರರು ಮೂರು ವಾಕ್ಯ ಬರೆದಿದ್ದರು. ಮೂರನೆಯದು ‘ಉದಾಹರಣೆಗೆ’ ಎಂದು ಶುರುವಾಗುತ್ತಿತ್ತು. ಕಾನ್ವೆಂಟಿನಲ್ಲಿ ನಮಗೆ ಸಂಕ್ಷೇಪ ಬರವಣಿಗೆ ಕಲಿಸಿದ ಸಿಸ್ಟರ್, ಮೂರರಲ್ಲೊಂದು ಪಾಲಿಗೆ ಇಳಿಸಬೇಕು, ಉದಾಹರಣೆಗಳನ್ನು ಮೊದಲು ಕೈಬಿಡಬೇಕು ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದ್ದರು. ಆ ವಿಷಯದಲ್ಲಿ ನನಗೆ ಬಹುಮಾನ ಬಂದಿತ್ತು. ‘ಒಬ್ಬ ಸದಸ್ಯರು ಆಗೇವಾಲಾ ಮುಂದುವರಿಯಲಿ ಎನ್ನುತ್ತಾರೆ’ ಎಂದು ಒಂದು ಸಾಲಿಗೆ ಇಳಿಸಿ, ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಗೆ ಟೈಪು ಹೊಡೆದೆ. ಅಚ್ಚುಕಟ್ಟಾಗಿ ಕೂತಿತು.

ಶನಿವಾರ ನಾಲ್ಕು ಗಂಟೆಗೆ ಸಮಿತಿಯ ಸಭೆ. ಠಾಣೆ ಸ್ಟೇಷನ್ನಿನಿಂದ ಕಾರ್ಖಾನೆಯ ಬಸ್ಸು ಹಿಡಿದು ಒಂಬತ್ತರ ಹೊತ್ತಿಗೆ ಕ್ಲಬ್ಬು ತಲುಪಿದೆ. ಆಗೇವಾಲಾ ಕೋಣೆಯೊಳಗೆ ಕುರ್ಚಿ ಹೊರುತ್ತಿದ್ದ. ಇವತ್ತು ದಿಬ್ಬದ ಕೆಲಸ ಇಲ್ಲವೇ ಎಂದು ಕೇಳಿದೆ. ಸಭೆಗೆ ಕುರ್ಚಿ ಹಾಕು ಅಂದಿದ್ದಾರೆ ಬಾಯಿ, ಅಲ್ಲಿ ಈಗ ಗಂಟೆ ಇದೆಯಲ್ಲ ಎಂದು ಮರಾಠಿಯಲ್ಲಿ ಹೇಳಿ ಇನ್ನೆರಡು ಕುರ್ಚಿ ತಲೆಯ ಮೇಲಿಟ್ಟುಕೊಂಡ.

ವರದಿಯಲ್ಲಿ ಕೈಯಿಂದ ತುಂಬಲೆಂದು ಬಿಟ್ಟಿದ್ದ ಒಂದು ಸಾಲು ಬಾಕಿಯಿತ್ತು. ಸಮುದ್ರದ ಹಿನ್ನೀರಾದ ಖಾಡಿಯ ಕಡೆಯಿಂದ ಗಾಳಿ ಬೀಸಿದರೆ ಗಂಟೆ ಟೀ ಕಟ್ಟೆಗೆ ಕೇಳಿಸದೆಂದು ಇಬ್ಬರು ದೂರಿದ್ದರು. ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಪರೀಕ್ಷಿಸಿ ಬರೆದುಬಿಡಿ ಎಂದು ಕಾರ್ಯದರ್ಶಿ ಹೇಳಿದರು. ಬೆಳಗಿನ ಆಟಗಾರರು ಹತ್ತೂವರೆಗೆಲ್ಲ ಆರನೆಯದನ್ನು ದಾಟಿರುತ್ತಾರೆ ಎಂದೂ ಹೇಳಿದರು. ಕ್ಲಬ್ಬಿನ ಗುಮಾಸ್ತ ಗಡಿಯಾರ ನೋಡುತ್ತ ಟೀ ಕಟ್ಟೆಯ ಬಳಿ ನಿಲ್ಲುವುದು, ನಾನು ಹನ್ನೊಂದೂ ಹತ್ತಕ್ಕೆ ಸರಿಯಾಗಿ ಮೂರು ಸಲ ಗಂಟೆ ಹೊಡೆಯುವುದು, ಕೇಳಿಸಿತೋ ಇಲ್ಲವೋ ಅವನು ಬರೆದಿಡುವುದು ಎಂದು ಏರ್ಪಾಡಾಯಿತು. ಬೇರೆ ಏನನ್ನೂ ನಾನು ಅವನಿಗೆ ಹೇಳಲಿಲ್ಲ. ಹೇಳಬೇಕೆಂದು ತೋಚಲೂ ಇಲ್ಲ.

ತಗ್ಗಿನ ಪಕ್ಕದ ಜಾಲಿಮರದ ನೆರಳಿನಲ್ಲಿ ಏಳು ಮಂದಿ ಹೆಂಗಸರು ಕುಡುಗೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗುತ್ತಿಗೆದಾರನ ದಿನಗೂಲಿ ಆಳುಗಳು, ಹುಲ್ಲು ಕೊಯ್ಯುವವರು. ತಮ್ಮೊಳಗೆ ಆಡುತ್ತಿದ್ದುದು ಕನ್ನಡ. ನಾಲ್ಕು ವಾರ ನಾನು ಆ ಮೈದಾನದ ಬಗ್ಗೆ ಬರೆದಿದ್ದೆ, ಇವರು ಕನ್ನಡದವರೆಂಬುದು ನನಗೆ ಗೊತ್ತಿರಲಿಲ್ಲ. ಯಾವೂರು ಎಂದು ಕೇಳಿದೆ. ಅವರಲ್ಲಿ ಹಿರಿಯಾಕೆ, ಹಸಿರು ಇಳಕಲ್ ಸೀರೆಯವಳು, ಬಾಯಿಯ ತಂಬಾಕನ್ನು ಕೆನ್ನೆಗೆ ಸರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬಿಜಾಪುರ ಕಡೇರು ನಾವು. ನೀವೂ ಕನ್ನಡದವ್ರೇನ್ರಿ ಬಾಯಾರ? ನಿಮ್ಮ ಕನ್ನಡ ಪುಸ್ತಕದಾಗಿಂದು ಇದ್ದಂಗ ಐತಲ್ರಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಸುಮ್ಮನೆ ಯಾಕೆ ಕೂತಿದ್ದೀರಿ ಎಂದು ಕೇಳಿದ್ದಕ್ಕೆ, ಸಾಹೇಬರು ಆಡಿ ಮುಂದೆ ಹೋಗುವವರೆಗೆ ಒಳಗೆ ಇಳಿಯುವಂತಿಲ್ಲ ಎಂದಳು. ಹುಲ್ಲು ಎಲ್ಲಿ ಹೆಚ್ಚೆಂದು ಕೇಳಿದೆ. ಕುಡುಗೋಲಿನ ತುದಿಯಿಂದ ತಗ್ಗನ್ನು ತೋರಿಸಿದಳು. ಮಳೆನೀರು ಅಲ್ಲಿಯೇ ನಿಲ್ಲುತ್ತದೆ, ಬೇರೆ ಕಡೆ ಪಾದ ಮುಚ್ಚುವಷ್ಟು ಹುಲ್ಲಾದರೆ ಅಲ್ಲಿ ಮೊಳಕಾಲು ಮುಚ್ಚುತ್ತದೆ, ವಾರದಲ್ಲಿ ನಾಲ್ಕು ದಿನ ಅಲ್ಲೇ ಕೆಲಸ ಎಂದಳು. “ನೀರೂ ಅಲ್ಲೇ, ಚೆಂಡೂ ಅಲ್ಲೇ ಬರ್ತಾವ ನೋಡ್ರಿ” ಎಂದು ಸೆರಗಿನ ಗಂಟು ಬಿಚ್ಚಿ ಸಿಕ್ಕಿದ ಮೂರು ಚೆಂಡುಗಳನ್ನು ತೋರಿಸಿದಳು. ಸಂಜೆ ಅವರ ಮೇಸ್ತ್ರಿ ಮುಕಾದಮನಿಗೆ ಕೊಡಬೇಕಂತೆ. ಒಂದರ ಮೈ ಕುಡುಗೋಲು ತಾಗಿ ಸೀಳಿತ್ತು. ಆ ಸೀಳಿನೊಳಗೆ ರಬ್ಬರು ದಾರ ಸುತ್ತಿಕೊಂಡದ್ದು ಕಾಣುತ್ತಿತ್ತು.

ಚೆಂಡು ತಗ್ಗಿಗೆ ಬರುವುದು ಒಳ್ಳೆಯ ವಿನ್ಯಾಸವೆಂದು ಹೊಗಳಿದ ಸಾಲು ನೆನಪಾಯಿತು. ಅಷ್ಟೇ. ಅದರ ಮುಂದಕ್ಕೆ ಮನಸ್ಸು ಹೋಗಲಿಲ್ಲ.

ನೂರು ಹೆಜ್ಜೆ ಏರಿ ಗಂಟೆಯ ಬಳಿ ನಿಂತೆ. ಕಾರ್ಖಾನೆಯ ಹಳೆಯ ಪಾಳಿ ಗಂಟೆ, ಅಂಚಿನಲ್ಲಿ ಹಸಿರು ಕಿಲುಬು. ಕೈಗಡಿಯಾರ ನೋಡಿ ಹನ್ನೊಂದೂ ಹತ್ತಕ್ಕೆ ಮೂರು ಸಲ ಹೊಡೆದೆ. ತಿರುಗಿ ನೋಡಿದರೆ ಏಳೂ ಮಂದಿ ಎದ್ದಿದ್ದರು. ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ಒಬ್ಬರ ಹಿಂದೊಬ್ಬರು ತಗ್ಗಿಗೆ ಇಳಿಯುತ್ತಿದ್ದರು. ನಮ್ಮ ಗ್ಯಾಲರಿಯ ಹಾಗೇ ಎಂದು ಒಂದು ಗಳಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ ಅದನ್ನು ನೋಡಿ ಸಂತೋಷವೇ ಆಯಿತು.

ಆಮೇಲೆ ದಿಬ್ಬದ ಮೇಲಿಂದ ಬಿಳಿಯದೊಂದು ಬಂತು. ಸದ್ದೇ ಇರಲಿಲ್ಲ. ಅದು ಇಳಿಜಾರಿನಲ್ಲಿ ಒಮ್ಮೆ ಪುಟಿದು ಹೆಂಗಸರ ಸಾಲಿನ ಮುಂದೆ ಉರುಳಿಹೋಯಿತು. ಹಿರಿಯಾಕೆ ಬಗ್ಗಿ ಅದನ್ನು ನೋಡಿ, ಉಳಿದವರಿಗೆ ಏನೋ ಹೇಳಲು ಹಿಂದಕ್ಕೆ ತಿರುಗಿದಳು. ಎರಡನೆಯದು ಪುಟಿಯಲೇ ಇಲ್ಲ. ನೇರ ಅವಳ ಎಡಭುಜದ ಮೇಲೆ, ಕತ್ತಿನ ಹತ್ತಿರ ಬಿತ್ತು. ಒಣ ಸೌದೆ ಮುರಿದ ಹಾಗೆ ಸಣ್ಣ ಸದ್ದು. ಅವಳು ಕೂಗಲಿಲ್ಲ. ಕೂತುಕೊಂಡಳು.

ನಾನು ಅವಳ ಕಡೆ ಓಡಲಿಲ್ಲ. ದಿಬ್ಬದ ಕಡೆ ಓಡಿದೆ. ಆಚೆ ಇನ್ನಿಬ್ಬರು ಹೊಡೆಯುವವರಿರಬಹುದೆಂದು ಅದು ಹೇಗೆ ಹೊಳೆಯಿತೋ ತಿಳಿಯದು. ನೆತ್ತಿ ಹತ್ತಿ ಎರಡೂ ಕೈಯಲ್ಲಿ ಫೈಲು ಎತ್ತಿ ಬೀಸಿದೆ. ಹಾಳೆಗಳು ಹಾರಿದವು. ಕೆಳಗೆ ಟೀ ಕಟ್ಟೆಯ ಮೇಲೆ ಮೂರನೆಯವರು ಕೋಲು ಮೇಲೆತ್ತಿದವರು ಹಾಗೇ ನಿಂತರು.

ಹೆಸರು ಬೇಡ, ಅಂದು ತಡವಾಗಿ ಆಟಕ್ಕಿಳಿದಿದ್ದ ಆ ನಾಲ್ವರೂ ಒಳ್ಳೆಯ ಜನ. ಓಡಿ ಬಂದರು. ಒಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗಂಟೆ ಹೊಡೆದದ್ದು ಯಾರು, ನಮ್ಮ ಮುಂದೆ ಯಾವ ಗುಂಪೂ ಇರಲಿಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎಂದೆ. ಗುಮಾಸ್ತನೂ ಹಾರಿದ ಹಾಳೆಗಳನ್ನು ಹೆಕ್ಕುತ್ತ, ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದ. ಅವನ ಕೈಯ ಚೀಟಿಯಲ್ಲಿ ‘ಹನ್ನೊಂದು ಹತ್ತು, ಸ್ಪಷ್ಟವಾಗಿ ಕೇಳಿಸಿತು’ ಎಂದು ಬರೆದಿತ್ತು.

ಜೀಪಿನಲ್ಲಿ ದವಾಖಾನೆಗೆ ಕರೆದೊಯ್ದೆವು. ಡಾಕ್ಟರರು ಭುಜ ಮುಟ್ಟಿ ನೋಡಿ ಕೊರಳೆಲುಬು ಬಿರಿದಿದೆ ಎಂದರು. ಬೆನ್ನಿನ ಮೇಲೆ ಎಂಟರ ಆಕಾರದಲ್ಲಿ ಬಟ್ಟೆ ಬಿಗಿದರು. ಆರು ವಾರ ಆ ಕೈಯಲ್ಲಿ ಭಾರ ಎತ್ತಬಾರದು ಎಂದದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಆರು ವಾರ ಎಂದರೆ ಎಷ್ಟೆಂದು ಅವಳು ಬೆರಳು ಮಡಚಿ ನೋಡಿಕೊಂಡಳು. ಡಾಕ್ಟರರು, ಆಟ ನಡೆಯುವಾಗ ಒಳಗೆ ಯಾಕೆ ಇಳಿದಿರಿ ಕೇಳಿ ಎಂದರು. ಕೇಳಿದೆ.

“ಆಟ ಎಲ್ಲಿತ್ರಿ? ಘಂಟಿ ಆತು. ಘಂಟಿ ಆತಂದ್ರ ಸಾಹೇಬ್ರು ಹ್ವಾದ್ರು, ಇಳೀರಿ ಅಂತ ಮುಕಾದಮ ಹೇಳ್ಯಾನ. ಘಂಟಿ ಆದ್ ಮ್ಯಾಲೂ ಕುಂತಿದ್ರ ಬೈತಾನ್ರಿ. ಮೊದಲ ಆ ಮುದುಕಪ್ಪ ಇದ್ದಾಗ ಬಾವುಟ ಬೀಸಿ ಎಬ್ಬಿಸಿ ಕಳಸ್ತಿದ್ದ.”

ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ನನಗೆ ಎಲ್ಲವೂ ಒಟ್ಟಿಗೆ ಕಂಡಿತು. ಟೀ ಕಟ್ಟೆಯವರಿಗೆ ‘ಹೊಡೆಯಿರಿ’ ಎನ್ನುವ ಗಂಟೆಯೇ ಇವರಿಗೆ ‘ಇಳಿಯಿರಿ’ ಎನ್ನುತ್ತಿತ್ತು. ನೀರನ್ನೂ ಹುಲ್ಲನ್ನೂ ಚೆಂಡನ್ನೂ ಒಂದೇ ತಗ್ಗಿಗೆ ತರುವಂತೆ ನೆಲ ಇತ್ತು. ಇವೆರಡರ ನಡುವೆ ನಿಂತಿದ್ದ ಒಬ್ಬನೇ ಮನುಷ್ಯ ಆ ಬೆಳಿಗ್ಗೆ ಕುರ್ಚಿ ಹೊರುತ್ತಿದ್ದ. ಸಂಜೆ ನಾಲ್ಕರ ಸಭೆಯಲ್ಲಿ ನನ್ನ ವರದಿಯ ಮೂರನೇ ಪುಟ ಓದಿ ಅವನನ್ನು ಶಾಶ್ವತವಾಗಿ ತೆಗೆಯಲಿದ್ದರು.

ಡಾಕ್ಟರರು ಕೈ ತೊಳೆಯುತ್ತ, ಇದನ್ನೇ ನಾನು ಹಾಳೆಯಲ್ಲಿ ಬರೆದಿದ್ದೆನಲ್ಲ ಎಂದರು.

“ಬರೆದಿದ್ದಿರಿ ಡಾಕ್ಟರ್. ನಾನು ಬಿಟ್ಟೆ.”

ಅವರು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು.

ಹೊರಡುವಾಗ ಹಿರಿಯಾಕೆ ನನ್ನ ಸೆರಗಿಗೆ ಅಂಟಿದ ಹುಲ್ಲಿನ ತೆನೆಯನ್ನು ಸರಿಯಿದ್ದ ಕೈಯಿಂದ ಕಿತ್ತು ಹಾಕಿದಳು. “ಘಂಟಿ ಹೊಡದವ್ರು ನೀವ ಅಲ್ರೀ ಬಾಯಾರ? ನೋಡಿದ್ನಿ” ಎಂದಳು. ಸಿಟ್ಟಿನಿಂದಲ್ಲ. ನನಗೆ ಗೊತ್ತಿರಲಿಲ್ಲ ಎಂದೆ. “ನಮಗೂ ಗೊತ್ತಿರಲಿಲ್ರಿ” ಎಂದಳು.

ಕಾರ್ಯದರ್ಶಿಗಳ ಕೋಣೆಯಲ್ಲಿ ಮೂವತ್ತೆಂಟು ಹಾಳೆಗಳ ಕಟ್ಟು ಬಿಚ್ಚಿ ಡಾಕ್ಟರರದ್ದನ್ನು ಹುಡುಕಿದೆ. ಮೂರನೇ ವಾಕ್ಯ ಹೀಗಿತ್ತು: ‘ಉದಾಹರಣೆಗೆ, ಆಗೇವಾಲಾ ಇಲ್ಲದ ಕಳೆದ ಭಾನುವಾರ ಗಂಟೆಯಾದ ಮೇಲೆ ನಾನು ಹೊಡೆಯದೆ ದಿಬ್ಬ ಹತ್ತಿ ನೋಡಿದಾಗ, ಹುಲ್ಲಿನಲ್ಲಿ ನಾಲ್ಕು ತಲೆಗಳಿದ್ದವು.’

ಕಾರ್ಯದರ್ಶಿ ಬಂದು ಬಾಗಿಲು ಮುಂದೆ ಮಾಡಿ ಎದುರು ಕೂತರು. ಚಹಾ ತರಿಸಿದರು. ಅವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು.

“ನೋಡಿ ಮೇಡಂ, ಆಗಿದ್ದು ಆಗೋಯ್ತು. ಆಕೆಯ ಔಷಧ-ಗಿಷಧ ಎಲ್ಲ ಕ್ಲಬ್ಬು ನೋಡ್ಕೊಳುತ್ತೆ. ಗಂಟೆ ನೀವು ಹೊಡೆದಿದ್ದು ಅಂತ ನಾನು ಸಭೇಲಿ ಬಾಯಿ ಬಿಡಲ್ಲ. ವರದಿ ಹೆಂಗಿದೆಯೋ ಹಂಗೇ ಹೋಗ್ಲಿ.”

ಮೂರನೇ ಪುಟ ಬದಲಾಗಬೇಕು ಎಂದೆ.

“ಅದರಲ್ಲಿ ಹೆಂಗಸರ ವಿಷಯ ಬರೆಯೋಕಾಗಲ್ಲ. ಇದು ಸದಸ್ಯರ ಅಭಿಪ್ರಾಯ. ಅವರು ಸದಸ್ಯರಾ? ನೀವು ಸದಸ್ಯರಾ?”

ಡಾಕ್ಟರರು ಸದಸ್ಯರು, ಅವರ ಮೂರು ವಾಕ್ಯವನ್ನು ನಾನು ಒಂದು ಮಾಡಿದ್ದು ತಪ್ಪು, ತಿದ್ದುತ್ತೇನೆ ಎಂದೆ. ಅವರು ಕಪ್ಪು ಕೆಳಗಿಟ್ಟರು. ಹಾಗೆ ಮಾಡಿದರೆ ಬೆಳಗಿನ ಸಂಗತಿ ಎದ್ದೇ ಏಳುತ್ತದೆ, ಟೈಪಿಸ್ಟ್ ಗಂಟೆ ಮುಟ್ಟಿದ್ದೇ ಕಾರಣ ಎಂದು ನಾಲ್ಕು ಮಂದಿ ಹೇಳುತ್ತಾರೆ, ವಿನ್ಯಾಸದ ಮಾತು ಅಲ್ಲಿಗೇ ಮುಗಿಯುತ್ತದೆ. ಯಜಮಾನರು ಇದೇ ಕಾರ್ಖಾನೆಯಲ್ಲಿದ್ದಾರೆ ಎಂಬುದನ್ನೂ ನೆನಪಿಟ್ಟುಕೊಳ್ಳಿ ಎಂದರು. ಹೆದರಿಸುವ ದನಿಯಲ್ಲ. ನಿಜವನ್ನೇ ಹೇಳುತ್ತಿದ್ದರು.

ಆಗ ಎರಡು ಗಂಟೆ. ಹೊಸ ಸ್ಟೆನ್ಸಿಲ್ ಹಾಳೆಯೊಂದನ್ನು ಯಂತ್ರಕ್ಕೆ ಏರಿಸಿದೆ. ಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಆದರೆ ನಾಳೆ ಮತ್ತೆ ಗಂಟೆ ಆಗುತ್ತದೆ, ಆ ಆರು ಮಂದಿ ಮತ್ತೆ ಇಳಿಯುತ್ತಾರೆ. ಇನ್ನು ಮೇಲೆ ಹಾಗಾದರೆ ಅದಕ್ಕೆ ಗೊತ್ತಿಲ್ಲದ ತಪ್ಪು ಎಂಬ ಹೆಸರಿರುವುದಿಲ್ಲ.

ಆರನೇ ಹೋಲಿನ ದೋಷಗಳ ಕೆಳಗೆ ಡಾಕ್ಟರರ ಮೂರು ವಾಕ್ಯವನ್ನೂ ಅಕ್ಷರ ಬಿಡದೆ ಹೊಡೆದೆ. ಅದರ ಕೆಳಗೆ ‘ವರದಿಗಾರರ ಟಿಪ್ಪಣಿ’ ಎಂದು ಬರೆದು, ಗಂಟೆ ಟೀ ಕಟ್ಟೆಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಹುಲ್ಲು ಕೊಯ್ಯುವವರಿಗೂ ಕೇಳಿಸುತ್ತದೆ, ಅವರಿಗೆ ಅದು ಕೆಲಸಕ್ಕಿಳಿಯುವ ಸೂಚನೆ ಎಂದು ತಿಳಿಸಿದೆ. ಇಂದು ಹನ್ನೊಂದೂ ಹತ್ತಕ್ಕೆ ಗಂಟೆ ಹೊಡೆದವಳು ನಾನು, ಒಬ್ಬ ಹೆಂಗಸಿನ ಕೊರಳೆಲುಬು ಬಿರಿದಿದೆ, ಡಾಕ್ಟರರ ಮಾತನ್ನು ಮೊದಲ ಪ್ರತಿಯಲ್ಲಿ ಕೈಬಿಟ್ಟವಳೂ ನಾನೇ ಎಂದೂ ಸೇರಿಸಿದೆ. ‘ನಾನು’ ಎಂಬ ಪದ ವರದಿಯಲ್ಲಿ ಇರಬಾರದೆಂದು ಸಿಸ್ಟರ್ ಕಲಿಸಿದ್ದರು. ಎರಡು ಕಡೆ ಬೆರಳು ತಪ್ಪಿ, ತಪ್ಪು ತಿದ್ದುವ ಕೆಂಪು ದ್ರವ ಹಚ್ಚಿ, ಊದಿ ಒಣಗಿಸಿ ಮತ್ತೆ ಹೊಡೆದೆ. ಗುಮಾಸ್ತ ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸಿ ಹದಿನಾಲ್ಕು ಹಾಳೆ ತೆಗೆದ. ಹಳೆಯ ಮೂರನೇ ಪುಟಗಳನ್ನು ಕಿತ್ತು ಹೊಸದನ್ನು ನಾನೇ ಪಿನ್ನು ಮಾಡಿದೆ. ಕಾರ್ಯದರ್ಶಿ ಒಂದನ್ನು ಓದಿದರು. ತಡೆಯಲಿಲ್ಲ.

ಸಭೆಯಲ್ಲಿ ನನಗೆ ಬಾಗಿಲ ಪಕ್ಕದ ಕುರ್ಚಿ. ಎರಡನೇ ಹೋಲಿನ ಬಂಕರಿಗೆ ಇಪ್ಪತ್ತು ನಿಮಿಷ ಹೋಯಿತು. ಮಾವಿನ ಮರಗಳಿಗೆ ಅದಕ್ಕಿಂತ ಹೆಚ್ಚು. ಆಮೇಲೆ ಮೂರನೇ ಪುಟ ಬಂತು. ಕಾರ್ಯದರ್ಶಿ ಹೇಳಿದಂತೆಯೇ, ಹೊರಗಿನವರು ಗಂಟೆ ಮುಟ್ಟಿದ್ದೇ ಕಾರಣ, ಅದಕ್ಕೆ ಬೀಗ ಹಾಕಿದರಾಯಿತು ಎಂದು ಒಬ್ಬರು ಅಂದರು. ನನ್ನ ಕಡೆ ನೋಡದೆ ಅಂದರು. ಬೆಳಿಗ್ಗೆ ಟೋಪಿ ತೆಗೆದಿದ್ದವರು ಎದ್ದು, ಚೆಂಡು ತನ್ನದು ಎಂದರು. ಗಂಟೆ ಯಾರು ಹೊಡೆದಿದ್ದರೂ ತಾನು ಚೆಂಡು ಹೊಡೆಯುತ್ತಿದ್ದೆ, ಯಾರು ಹೊಡೆದಿದ್ದರೂ ಆಕೆ ಇಳಿಯುತ್ತಿದ್ದಳು ಎಂದರು. ಡಾಕ್ಟರರು, ದಿಬ್ಬವನ್ನು ಆರಡಿ ತಗ್ಗಿಸಿದರೆ ತಗ್ಗು ಕಾಣುತ್ತದೆ ಎಂದು ಸೂಚಿಸಿದರು. ಅದಕ್ಕೆ ಮೂರು ನಾಲ್ಕು ದನಿಗಳು ಒಟ್ಟಿಗೆ ಎದ್ದವು. ಕಂಡರೆ ಅದು ಆರನೇ ಹೋಲೇ ಅಲ್ಲ ಎಂದರು.

ಕೊನೆಗೆ ತೀರ್ಮಾನವಾಯಿತು. ಆಗೇವಾಲಾ ದಿಬ್ಬದ ಮೇಲೆ ವಾರದ ಎಲ್ಲ ದಿನವೂ ಇರಬೇಕು. ಗಂಟೆಯೂ ಇರಲಿ, ಅವನ ಬಾವುಟ ನೋಡದೆ ಯಾರೂ ಹೊಡೆಯಬಾರದು. ಹೋಲನ್ನು ತಿದ್ದುವ ಅಗತ್ಯವಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರು ಇನ್ನೊಂದು ಸೇರಿಸಿದರು: ಆಟ ಹೆಚ್ಚಿರುವ ಶನಿವಾರ, ಭಾನುವಾರ ಹುಲ್ಲು ಕೊಯ್ಯುವವರನ್ನು ಒಳಗೆ ಬಿಡುವುದು ಬೇಡ. ಎಲ್ಲರೂ ತಲೆಯಾಡಿಸಿದರು. ಅದು ಅವರಿಗೆ ದಯೆಯಾಗಿಯೇ ಕಂಡಿತು. ಅದನ್ನೂ ನಾನೇ ನನ್ನ ಕೈಯಿಂದ ನಡಾವಳಿಯಲ್ಲಿ ಬರೆದುಕೊಂಡೆ.

ಬಸ್ಸಿಗೆ ಹೋಗುವ ದಾರಿಯಲ್ಲಿ ಗೇಟಿನ ಬಳಿ ಉಳಿದ ಹೆಂಗಸರು ಹುಲ್ಲಿನ ಹೊರೆಗಳ ಪಕ್ಕ ಟೆಂಪೋಗೆ ಕಾಯುತ್ತಿದ್ದರು. ಮುದುಕಪ್ಪ ಮತ್ತೆ ದಿಬ್ಬದ ಮೇಲೆ ನಿಲ್ಲುತ್ತಾನೆ ಎಂದು ಹೇಳಿದೆ. ಛಲೋ ಆತು ಎಂದರು. ಎರಡು ದಿನದ ವಿಷಯವನ್ನು ಮುಕಾದಮ ಹೇಳುವ ಮೊದಲು ನಾನೇ ಹೇಳುವುದು ಸರಿಯೆನಿಸಿತು, ಹೇಳಿದೆ. ಅವರಲ್ಲಿ ಕಿರಿಯಳು, ಸೊಸೆಯೋ ಮಗಳೋ ತಿಳಿಯದು, ಹಿರಿಯಾಕೆಯ ಕುಡುಗೋಲನ್ನೂ ತನ್ನದರ ಜೊತೆಗೆ ಹಿಡಿದುಕೊಂಡಿದ್ದವಳು ಕೇಳಿದಳು:

“ಆಕಿದು ಆರು ವಾರ, ನಮ್ದು ವಾರಕ್ಕೆರಡು ದಿನ. ಬರದು ಕೊಟ್ಟವ್ರು ನೀವ ಏನ್ರಿ?”

ಹೌದು ಎಂದೆ. ಅವಳು ಎರಡೂ ಕುಡುಗೋಲನ್ನು ಒಂದೇ ಬಟ್ಟೆಯಲ್ಲಿ ಸುತ್ತತೊಡಗಿದಳು.

ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತು. ಬೆರಳಿನಲ್ಲಿ ಸ್ಟೆನ್ಸಿಲಿನ ದ್ರವದ ವಾಸನೆ ಇನ್ನೂ ಇತ್ತು. ದಿವಾ ಸ್ಟೇಷನ್ನಿನಲ್ಲಿ ಹತ್ತಿದವಳೊಬ್ಬಳು ಕೂತು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದಳು. ಮನೆಗೆ ಬಂದಾಗ ಯಜಮಾನರು ಬಂದಿರಲಿಲ್ಲ. ಮಗಳು ಎದುರು ಮನೆಯಲ್ಲೇ ಇದ್ದಳು. ಸೀರೆ ಬದಲಿಸಿ, ಖಾಲಿ ಬಕೆಟುಗಳನ್ನು ಬಾಗಿಲ ಬಳಿ ತಂದಿಟ್ಟೆ. ಏಳಾಯಿತು. ಕೆಳಗೆ ರೈಲುಕಂಬಿ ಮೂರು ಸಲ ಬಡಿಯಿತು.

ಉಳಿದ ಏಳೂ ಬಾಗಿಲುಗಳು ತೆರೆದದ್ದು ಕೇಳಿಸಿತು. ಚಪ್ಪಲಿಯ ಸದ್ದು, ಬಕೆಟಿನ ಹಿಡಿಕೆಯ ಸದ್ದು, ಒಬ್ಬರ ಹಿಂದೊಬ್ಬರು. ನಾನು ಎರಡೂ ಕೈಯಲ್ಲಿ ಬಕೆಟು ಹಿಡಿದು ಹೊಸಿಲಿನ ಈಚೆಯೇ ನಿಂತಿದ್ದೆ. ಎಷ್ಟು ಹೊತ್ತೆಂದು ತಿಳಿಯಲಿಲ್ಲ. ಎದುರು ಮನೆಯ ಅಕ್ಕ ತುಂಬಿದ ಬಕೆಟಿನ ಭಾರಕ್ಕೆ ಒಂದು ಕಡೆ ವಾಲುತ್ತ ಬಂದವರು, ನನ್ನನ್ನು ನೋಡಿ ನಕ್ಕು, ನಿಲ್ಲದೆ ಹೇಳಿಕೊಂಡು ಹೋದರು:

“ಎಂತ ಮಾರಾಯ್ತಿ, ಗಂಟೆ ಹೊಡೆದ್ರೂ ಒಳಗೇ ನಿಂತಿದ್ದಿ? ನಮಗೆ ಅದು ಕೇಳಿದ್ರೆ ಸಾಕು, ಕಾಲು ತನ್ನಷ್ಟಕ್ಕೇ ಹೊರಗೆ ಬೀಳ್ತದೆ.”